ಬೆನ್ನ ಮೇಲೆ ಮನೆ ಹೊತ್ತ ಪ್ರಾಣಿ

ಕಾರವಾರದಿಂದ ಅಂಕೋಲೆಗೆ ಹೊರಟ ಬಸ್ಸು. ನನ್ನ ಮುಂದಿನ ಸೀಟಿನಲ್ಲಿ ಖಾಲಿ ಮೀನುಬುಟ್ಟಿ ಇಟ್ಟುಕೊಂಡ ಅಜ್ಜಿ, ಪಕ್ಕದಲ್ಲಿ ಪೆನ್ಸಿಲ್ ಹಿಡಿದ ಮೊಮ್ಮಗಳು.

“ಎಂತದೇ ಇದು ವಿಜೇತಾ? ಆಮೆಯಾ?”

“ಅಲ್ಲ ಅಜ್ಜಿ. ದಿನಕ್ಕೊಂದು ಚಿತ್ರ ಬಿಡಿಸೋ ಚಾಲೆಂಜು. ಇವತ್ತು ಯಾರೂ ನೋಡದ ಪ್ರಾಣಿ ಬರೀಬೇಕು.”

“ಬೆನ್ನ ಮೇಲೆ ಮನೆ ಯಾಕೆ?”

“ಅದು ಎಲ್ಲಿಗೆ ಹೋದ್ರೂ ಮನೆ ಜೊತೆಗೇ ಹೋಗ್ತದೆ.”

ಅಜ್ಜಿ ಹಾಳೆಯನ್ನು ಹತ್ತಿರಕ್ಕೆ ಎಳೆದುಕೊಂಡಳು.

“ಬಾಗಿಲು ತಪ್ಪಾಯ್ತು. ಕಡಲಿನ ಬದಿಗೆ ಇರ್ಬೇಕು.”

“ನಮ್ಮನೇದು ರೋಡಿನ ಬದಿಗೆ ಉಂಟಲ್ಲ?”

“ಅದು ಈಗಿನ ಮನೆ. ನೇವಿಯವ್ರು ಜಾಗ ತಗೊಂಡ್ರಲ್ಲ, ಆ ಹಳೇ ಮನೇಲಿ ಬಾಗಿಲಿಗೆ ನಿಂತ್ರೆ ನಿನ್ನ ಅಜ್ಜನ ದೋಣಿ ಕಾಣ್ತಿತ್ತು.”

ಮೊಮ್ಮಗಳು ಬಾಗಿಲನ್ನು ಅಳಿಸಿ ಮತ್ತೆ ಬರೆದಳು.

“ಇದು ಅಲ್ಲಿಗೇ ಹೊರಟದೆ ಅಂತ ಮಾಡ್ಲಾ?”

“ನೇವಿ ಗೇಟಲ್ಲಿ ಬಿಡ್ತಾರೇನೇ?”

“ಇದು ಕಡಲಲ್ಲಿ ಈಜ್ತಾ ಹೋಗ್ತದೆ ಅಜ್ಜಿ.”

ಕಂಡಕ್ಟರ್ ‘ಅಮದಳ್ಳಿ’ ಎಂದು ಕೂಗಿದ. ಇಬ್ಬರೂ ಎದ್ದರು. ಇಳಿಯುವ ಮೆಟ್ಟಿಲಲ್ಲಿ ಅಜ್ಜಿಯ ದನಿ ಮತ್ತೆ ಕೇಳಿಸಿತು.

“ಮನೆ ಮಾಡಿನ ಮೇಲೆ ಸ್ವಲ್ಪ ಹೊಗೆ ಬರಿ. ಇಲ್ದಿದ್ರೆ ಒಳಗೆ ಯಾರೂ ಇಲ್ಲ ಅಂತ ತಿಳ್ಕೊಂಡು, ಇದನ್ನೂ ತಗೊಂಡಾರು.”