ನಿನ್ನೆಯ ತಾರೀಖು

ನಗಬೇಡಿ ಮೇಡಂ... ನೀವು ಹೀಗೆ ನಕ್ಕರೆ ನಾನು ಹೇಗೆ ಹೇಳ್ಲಿ? ಹೌದು, ಮಾಲು ನಮ್ಮ ಗೇಟಿಗೆ ಬಂದಿದ್ದು ಇವತ್ತು ಬೆಳಿಗ್ಗೆ ಎಂಟೂವರೆಗೆ. ನಾನು ಅದನ್ನ ಚೆಕ್ ಮಾಡಿದ್ದು ನಿನ್ನೆ! ರಿಪೋರ್ಟಲ್ಲಿ ಹಾಗೇ ಇದೆ. ಕೆಳಗೆ ನನ್ನ ಸಹಿನೂ ಇದೆ, ಮುರಿಗೆಪ್ಪ, ಕ್ವಾಲಿಟಿ ಇನ್‌ಸ್ಪೆಕ್ಟರ್. ಇಲ್ಲ ಅನ್ನಲ್ಲ. ಆದ್ರೆ ಕಳ್ಳ ರಿಪೋರ್ಟಲ್ಲ ಮೇಡಂ. ತಾರೀಖು ಒಂದೇ ಸುಳ್ಳು. ಅದೂ ಕಂಪ್ಯೂಟರ್ ಹೇಳಿದ ಸುಳ್ಳು... ಸರಿ, ಸರಿ, ಕಂಪ್ಯೂಟರಿಗೆ ಹೇಳಿಕೊಟ್ಟಿದ್ದು ನಾನೇ.

ಕೂತ್ಕೊಳ್ಳಿ. ಅಯ್ಯೋ, ಆ ಕುರ್ಚಿ ಬೇಡ, ಅದರ ಒಂದು ಚಕ್ರ ನಂಬೋ ಹಾಗಿಲ್ಲ. ಇಲ್ಲಿ ಕೂತ್ಕೊಳ್ಳಿ. ಆಡಿಟ್‌ಗೆ ಬಂದೋರು ಬಿದ್ರೆ ನಮ್ಮ ಆರ್ಡರೂ ಜೊತೇಲೇ ಬಿದ್ದಂಗೆ. ಮೂರು ವರ್ಷದ ಆರ್ಡರ್! ಇವತ್ತು ನೀವು ಎಲ್ಲ ಸರಿ ಅಂತ ಬರೆದು ಹೋದ್ರೆ ನಮ್ಮದು, ಇಲ್ಲಾಂದ್ರೆ ಎದುರು ಶೆಡ್ಡಿನೋರದ್ದು. ಪೀಣ್ಯದಲ್ಲಿ ಎದುರು ಶೆಡ್ಡಿನೋರು ಯಾವಾಗ್ಲೂ ಕಾಯ್ತಾನೇ ಇರ್ತಾರೆ. ನಮ್ಮ ಓನರ್ ಬೆಳಿಗ್ಗೆಯಿಂದ ಮೂರು ಸಲ ಬಂದು ಹೇಳಿದ್ರು, "ಮುರಿಗೆಪ್ಪ, ಮೇಡಂ ಮುಂದೆ ಮಾತು ಕಮ್ಮಿ." ನೋಡಿ, ಕಮ್ಮಿನೇ ಆಡ್ತಿದೀನಿ.

ಆಗಿದ್ದಿಷ್ಟು. ಈ ಬ್ರೌಸರಿಗೆ ನಾವು ಚಿಕ್ಕಚಿಕ್ಕ ಆಡ್-ಆನ್ ಹಾಕ್ಕೊಂಡಿದೀವಿ. ಒಂದು ಕನ್ನಡ ಟೈಪ್ ಮಾಡೋಕೆ, ಒಂದು ಜಾಹೀರಾತು ತಡೆಯೋಕೆ, ಇನ್ನೊಂದು ನಿಮ್ಮ ಕಂಪನಿಯ ರಿಪೋರ್ಟ್ ಫಾರಂ ತೆರೆಯೋಕೆ. ಇವೆಲ್ಲ ಅಸಲಿ ಅನ್ನೋಕೆ ಬ್ರೌಸರ್ ಮಾಡೋರ ಒಂದು ಸರ್ಟಿಫಿಕೇಟ್ ಇರುತ್ತಂತೆ. ಅದರ ಅವಧಿ ನಿನ್ನೆಗೆ ಮುಗಿದಿದೆ. ಯಾರೋ ಮರೆತಿದಾರೆ! ಅಷ್ಟು ದೊಡ್ಡ ಜನ, ಅವರೂ ಮರೀತಾರೆ ನೋಡಿ. ಬೆಳಿಗ್ಗೆ ಬಂದು ನೋಡಿದ್ರೆ ಎಲ್ಲಾ ಆಡ್-ಆನೂ ಬಂದ್.

ಡಿಸ್ಪ್ಯಾಚಿನ ಮಹಾನಂದಾ ಕಿರುಚ್ಕೊಂಡ್ಳು, ವೈರಸ್ಸು ವೈರಸ್ಸು ಅಂತ. ಏನೂ ಇಲ್ಲ, ಜಾಹೀರಾತು! ಸ್ಕ್ರೀನ್ ತುಂಬಾ ತಲೆಗೆ ಹಚ್ಚೋ ಬಣ್ಣ. "ಸಾರ್, ಇದು ನೀವು ಕೂರೋ ಕಂಪ್ಯೂಟರ್ ಅಲ್ವಾ?" ಅಂತ ಎಲ್ಲರ ಎದುರಿಗೇ ಕೇಳಿಬಿಟ್ಳು. ಯಾಕೆ ಮೇಡಂ ನನ್ನ ತಲೆ ನೋಡ್ತೀರಾ? ನಂಗೂ ಐವತ್ತೆರಡಾಯ್ತು...

ಒಂಬತ್ತೂವರೆ ಆಗಿತ್ತು. ಹತ್ತಕ್ಕೆ ನೀವು ಬರ್ತೀರಿ. ಫಾರಂ ಬಾಯಿ ಬಿಡ್ತಿಲ್ಲ. ಕಂಪ್ಯೂಟರ್ ರಿಪೇರಿಯವನಿಗೆ ಫೋನ್ ಮಾಡಿದ್ರೆ ದಾಸರಹಳ್ಳಿ ಸಿಗ್ನಲ್ಲಲ್ಲಿ ಇದೀನಿ ಅಂದ. ಅಂದ್ರೆ ಇನ್ನೂ ಮನೇಲಿದಾನೆ ಅಂತ ಅರ್ಥ. ನಾನು ಕೂತು ಯೋಚನೆ ಮಾಡ್ದೆ. ನಿನ್ನೆ ಕೆಲಸ ಮಾಡ್ತಿದ್ದಿದ್ದು ರಾತ್ರೋರಾತ್ರಿ ಕೆಟ್ಟು ಹೋಯ್ತಾ? ಇಲ್ಲ. ಕಾಗದದ ಮೇಲೆ ತಾರೀಖು ದಾಟಿದೆ, ಅಷ್ಟೆ. ಗಡಿಯಾರದ ಮೂಲೇಲಿ ಕ್ಲಿಕ್ ಮಾಡ್ದೆ, ತಾರೀಖು ಒಂದು ದಿನ ಹಿಂದಕ್ಕೆ ತಳ್ಳಿದೆ. ಅಷ್ಟೇ ಮೇಡಂ! ಎಲ್ಲಾ ಆಡ್-ಆನೂ ಎದ್ದು ಕೂತ್ವು! ಮಹಾನಂದಾ ಚಪ್ಪಾಳೆ ತಟ್ಟಿದ್ಳು. ರಿಪೋರ್ಟ್ ಪ್ರಿಂಟ್ ಹಾಕೋವಾಗ ತಾರೀಖು ಮುಂದಕ್ಕೆ ತರೋದು ಮರೆತೆ, ಅದೊಂದೇ ತಪ್ಪು.

ಏನಂದ್ರಿ? ಯಾರು ಹೇಳಿಕೊಟ್ರು ಅಂತಾನಾ? ಯಾರೂ ಇಲ್ಲ. ಇಪ್ಪತ್ತೆರಡು ವರ್ಷದ ಕೆಲಸ ಮೇಡಂ, ತಾನಾಗೇ ಹೊಳೀತು. ತಾರೀಖು ಹಿಂದೆ ಮುಂದೆ ಮಾಡೋದು ನಮಗೇನು ಹೊಸ...

ಟೀ ತರಿಸ್ಲಾ? ಬೇಡ್ವಾ. ಫ್ಯಾನ್ ಜೋರು ಮಾಡ್ಲಾ?

ನೀವು ಕೈಗೆತ್ಕೊಂಡಿರೋದು... ಅದು ಪ್ಲಗ್ ಗೇಜ್ ಮೇಡಂ, ತೂತಿನ ಅಳತೆ ನೋಡೋದು. ಪಂಪಿನ ಬುಷ್ ಇದೆಯಲ್ಲ, ಬಳೆ ಥರದ್ದು, ಅದರ ತೂತಿಗೆ ಈ ಕಡೆ ತೂರಿಸಬೇಕು. ಹೋದ್ರೆ ಪಾಸು. ನಿಮಗೆ ನಾನು ಹೇಳೋದೇನು! ಮೇಜಿನ ಮೇಲಿಡಿ, ಎಣ್ಣೆ ಇದೆ, ಕೈಗೆ ಹತ್ತುತ್ತೆ.

ಯಾಕೆ ಅಷ್ಟು ತಿರುಗಿಸಿ ತಿರುಗಿಸಿ ನೋಡ್ತಿದೀರಾ... ಸ್ಟಿಕರಾ? ಸ್ಟಿಕರಲ್ಲಿರೋದೇ ಮೇಡಂ, ಮುಂದಿನ ಮಾರ್ಚ್‌ವರೆಗೆ ಅವಧಿ ಇದೆ. ವರ್ಷಕ್ಕೊಂದ್ಸಲ ಲ್ಯಾಬಿಗೆ ಹೋಗುತ್ತೆ, ಅವರು ಅಳತೆ ನೋಡಿ ಸರ್ಟಿಫಿಕೇಟ್ ಕೊಡ್ತಾರೆ, ನಾವು ಸ್ಟಿಕರ್ ಅಂಟಿಸ್ತೀವಿ. ಕ್ರಮಬದ್ಧವಾಗಿ...

ಏನಾದ್ರೂ ಅನ್ನಿ ಮೇಡಂ. ಇಷ್ಟೊತ್ತು ನಗ್ತಿದ್ರಿ.

ಸ್ಟಿಕರ್ ಸ್ವಲ್ಪ ಹೊಸದಾಗಿ ಕಾಣುತ್ತೆ, ಒಪ್ತೀನಿ. ಮಹಾನಂದಾ ಲೇಬಲ್ ಮಷೀನಲ್ಲಿ... ಅವಳಿಗೇನೂ ಗೊತ್ತಿಲ್ಲ, ನಾನು ಹೇಳಿದ ತಾರೀಖು ಹೊಡೆದಳು ಅಷ್ಟೆ. ಒಂದೇ ತಿಂಗಳಿಗೆ ಅಂತ ಅನ್ಕೊಂಡಿದ್ದೆ ಮೇಡಂ! ಲ್ಯಾಬಿಗೆ ಕೊಟ್ರೆ ನಾಲ್ಕು ದಿನ. ಈ ಅಳತೆಗೆ ಇರೋದು ಇದೊಂದೇ. ನಾಲ್ಕು ದಿನ ಮಾಲು ಹೇಗೆ ಕಳಿಸ್ಲಿ? ಮುಂದಿನ ವಾರ ಕಳಿಸೋಣ ಅಂದ್ರು ಓನರ್. ಮುಂದಿನ ವಾರ ನಾನೂ ಕೇಳ್ಲಿಲ್ಲ, ಅವರೂ ಹೇಳ್ಲಿಲ್ಲ. ಎರಡನೇ ಸ್ಟಿಕರ್ ಹಾಕೋವಾಗ ಬಾಗಿಲು ಹಾಕ್ಕೊಂಡಿದ್ದೆ. ಮೂರನೇದಕ್ಕೆ... ತೆರೆದೇ ಇತ್ತು.

ಆಡ್-ಆನ್ ಸವೆಯಲ್ಲ ಮೇಡಂ. ಇದು ಸವೆಯುತ್ತೆ. ದಿನಕ್ಕೆ ಎಂಟುನೂರು ಸಲ ತೂರಿಸ್ತೀವಿ. ಈಚೆಗೆ ಸಲೀಸಾಗಿ ಹೋಗ್ತಿದೆ, ಬೇಕಾದ್ದಕ್ಕಿಂತ ಸಲೀಸಾಗಿ. ಗೇಜೇ ಸಣ್ಣಗಾಗಿದೆ, ಚಿಕ್ಕ ತೂತಾದ್ರೂ ಒಳಗೆ ಹೋಗುತ್ತೆ, ನಾನು ಪಾಸು ಅಂತ ಬರೀತೀನಿ. ನನ್ನ ಬೆರಳಿಗೆ ಗೊತ್ತಾಗ್ತಿತ್ತು. ಅದನ್ನ ತಿರುಗಿಸ್ತಾ ಕೂರೋ ಬದಲು ಬೈದುಬಿಡಿ ಮೇಡಂ, ನಿಮ್ಮ ಕಾಲಿಗೆ...

ಏನು? ...ನಂಬರಾ?

ಗೇಜ್ ನಂಬರ್ ಹುಡುಕ್ತಿದ್ರಾ? ಲಿಸ್ಟಿಗೆ ಬರ್ಕೊಳ್ಳೋಕೆ? ಅಷ್ಟೇನಾ? ಸ್ಟಿಕರ್... ಸ್ಟಿಕರ್ ಓದ್ಲೇ ಇಲ್ವಾ ನೀವು? ಇಷ್ಟು ಸಣ್ಣಕ್ಷರಕ್ಕೆ ಹಾಕೋ ಕನ್ನಡಕ ಕಾರಲ್ಲೇ ಇದೆಯಾ!

ಅಯ್ಯೋ ಶಿವನೇ.

...ನಂಬರ್ ಹಿಡಿ ಮೇಲಿದೆ ಮೇಡಂ, ಈ ಕಡೆ. ಪಿ-ಹದಿನೇಳು. ಬರ್ಕೊಳ್ಳಿ. ಇಲ್ಲ, ಪೆನ್ ಕೆಳಗಿಡಬೇಡಿ. ಓನರ್‌ಗೆ ನಾನೇ ಹೇಳ್ತೀನಿ, ನೀವು ಬರೀರಿ.

ಬೀರುನಲ್ಲಿ ಇಂಥ ಸ್ಟಿಕರಿನ ಗೇಜು ಇನ್ನೂ ಮೂರಿವೆ.