ಚಿತ್ತಯ್ಯನವರ ಹೆಸರಿಗೆ ಬರೆದ ಅರವತ್ತು ಕುರಿಗಳು

ಪುಟ್ಟಕ್ಕನವರೇ, ನಿಮ್ಮ ಮಗಳು ಮಂಜುಶ್ರೀ, ಮುಖ್ಯ ಶಿಕ್ಷಕರಾದ ಸದಾಶಿವಯ್ಯನವರೇ, ಹಂದನಕೆರೆಯ ಹಿರಿಯರೇ — ಎಲ್ಲರಿಗೂ ನಮಸ್ಕಾರ. ನನಗೆ ಸಭೆಯಲ್ಲಿ ಮಾತಾಡಿ ಅಭ್ಯಾಸವಿಲ್ಲ. ಇವತ್ತು ಚಿತ್ತಯ್ಯನವರ ಶ್ರದ್ಧಾಂಜಲಿಗೆ ಸೇರಿದ್ದೇವೆ, ನಾನೇ ಕೇಳಿ ಮೈಕು ತೆಗೆದುಕೊಂಡಿದ್ದೇನೆ.

ಚಿತ್ತಯ್ಯನವರು ನಮ್ಮ ಶಾಲೆಯ ಜವಾನರಾಗಿದ್ದರು, ನಾನು ಅತಿಥಿ ಶಿಕ್ಷಕಿ. ಮೊದಲ ದಿನ ತರಗತಿಯ ಬಾಗಿಲಲ್ಲೇ ಹೆದರಿ ನಿಂತಿದ್ದೆ. "ಒಳೀಕ್ ಹೋಗಿ ಮೇಡಂ, ನಮ್ ಕುರಿಮರಿಗಳ್ಗಿಂತ ಸಾಧು ಅವು" ಎಂದು ಕಳಿಸಿದವರು ಅವರು.

ಹೋದ ವರ್ಷ ಪರಿಸರ ದಿನಕ್ಕೆ ಮಕ್ಕಳ ಜೊತೆ ಹತ್ತು ಮನೆಗಳ ಲೆಕ್ಕ ಹಾಕಿದೆ. ಒಬ್ಬರ ಊಟ, ಸೌದೆ, ಕರೆಂಟು, ಗಾಡಿಯ ಓಡಾಟ — ಇದಕ್ಕೆಲ್ಲ ಎಷ್ಟು ನೆಲ ಬೇಕು? ಲೋಕದ ಎಲ್ಲರೂ ಹಾಗೇ ಬದುಕಿದರೆ ನಮ್ಮ ಭೂಮಿಯಂಥ ಎಷ್ಟು ಭೂಮಿ ಬೇಕು? ಈ ಲೆಕ್ಕಕ್ಕೆ ಪರಿಸರ ಹೆಜ್ಜೆಗುರುತು ಅನ್ನುತ್ತಾರೆ. ಚಿತ್ತಯ್ಯನವರಿಗೆ ನಾಲ್ಕು ಭೂಮಿ ಬಂತು. ಎಲ್ಲರಿಗಿಂತ ಹೆಚ್ಚು. ಚಾರ್ಟಿಗೆ ಬರೆದು, ಊರವರ ಎದುರು ಇದೇ ಮೈಕಿನಲ್ಲಿ ಓದಿದೆ. ತೆಂಗಿನ ತೋಟದವರು ನಕ್ಕರು — "ಏನ್ಲಾ ಚಿತ್ತ, ನಮ್ ಪಾಲ್ನೂ ತಿಂದ್ಬುಟ್ಟಲ್ಲೋ." ನಾನೂ ನಕ್ಕೆ.

ತಪ್ಪು ನನ್ನದು. ಅವರ ಮಂದೆಯ ಅರವತ್ತು ಕುರಿಗಳನ್ನೂ ಅವರೇ ತಿನ್ನುತ್ತಾರೆ ಅನ್ನುವ ಹಾಗೆ ಅವರ ಹೆಸರಿಗೆ ಬರೆದಿದ್ದೆ. ಈ ಲೆಕ್ಕ ಸಾಕಿದವರದಲ್ಲ — ತಿಂದವರದು, ಬಳಸಿದವರದು. ಹುಳಿಯಾರಿನ ಸಂತೆಯಲ್ಲಿ ಮಾರಿದ ಕುರಿ ಯಾರ ಮನೆಗೋ ಹೋಯಿತು. ಬೇಸಿಗೆಯಲ್ಲಿ ಅದೇ ಮಂದೆಯನ್ನು ತೋಟದಲ್ಲಿ ನಿಲ್ಲಿಸಿಕೊಂಡು ತೆಂಗಿಗೆ ಗೊಬ್ಬರ ಮಾಡಿಕೊಂಡವರು ತೋಟದವರಾದ ನಾವು. ನಮ್ಮಪ್ಪನೂ.

ತಿದ್ದಿದರೆ ಅವರದು ಮುಕ್ಕಾಲು ಭೂಮಿ. ನನ್ನದು ಎರಡು.

ಇದು ವಾರದೊಳಗೇ ಗೊತ್ತಾಯಿತು. ನೀರಿನ ತೊಟ್ಟಿಯ ಹತ್ತಿರ ಅವರೊಬ್ಬರಿಗೇ ಹೇಳಿದೆ. "ಬುಡಿ ಮೇಡಂ, ನಾಕು ಭೂಮಿಗೂ ಪಹಣಿ ಮಾಡ್ಸಾನಾ ಅಂತಿದ್ದೆ" ಅಂದರು. ನನ್ನ ಮನಸ್ಸು ಹಗುರಾಯಿತು. ಚಾರ್ಟು ಮಾತ್ರ ತಿದ್ದದೆ ತರಗತಿಯ ಗೋಡೆಯಲ್ಲೇ ಉಳಿಯಿತು. ಮಂಜುಶ್ರೀ ಅದರ ಎದುರಿನ ಬೆಂಚು ಬಿಟ್ಟು ಹಿಂದೆ ಹೋಗಿ ಕೂತಳು. ನಾನು ನೋಡಿದೆ — ನೋಡಿ, ಪಾಠ ಮುಂದುವರಿಸಿದೆ.

ತಪ್ಪನ್ನು ಮೈಕಿನಲ್ಲಿ ಓದಿದವಳು, ತಿದ್ದುಪಡಿಯನ್ನು ಪಿಸುಗುಟ್ಟಿ ಮುಗಿಸಿದೆ. ಮುಂದಿನ ಸಭೆಯಲ್ಲಿ ಹೇಳಿದರಾಯಿತು ಅಂದುಕೊಂಡೆ. ಸಭೆಗಳು ಆದವು, ನಾನು ಎದ್ದು ನಿಲ್ಲಲಿಲ್ಲ. ಹೋದ ಸೋಮವಾರ ಶಾಲೆಯ ಗಂಟೆಯನ್ನು ಬೇರೆಯವರು ಹೊಡೆದರು.

ಪುಟ್ಟಕ್ಕನವರೇ, ನಿಮ್ಮ ಯಜಮಾನರು ಯಾರ ಪಾಲನ್ನೂ ತಿಂದವರಲ್ಲ. ಇದನ್ನು ಅವರ ಕಿವಿಗೆ ಬೀಳುವ ಹಾಗೆ, ಊರಿನ ಎದುರು ಹೇಳಬೇಕಿತ್ತು. ಹೇಳಲಿಲ್ಲ.

ಈಗ ಒಂದು ನಿಮಿಷ ಮೌನ. ಅಂದು ನಕ್ಕವರು ಮೊದಲು ಏಳೋಣ — ನಾನು ನಿಂತಿದ್ದೇನೆ. ಉಳಿದವರು ಆಮೇಲೆ ಏಳಿ. ಮಂಜುಶ್ರೀ, ನೀನು ಅಮ್ಮನ ಪಕ್ಕ ಕೂತೇ ಇರಮ್ಮ.