ಸಂಜೆಯ ನೀರು

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಬಾಗಿಲ ಹತ್ತಿರ ಜಾಗ ಹಿಡಿದು ಕಾಫಿಯ ಮೇಲೆ ಕಣ್ಣಿಟ್ಟಿರುವ ಸಭಿಕರೇ,

ಹೊಸ ಜೀವಿಯೊಂದನ್ನು ಕಂಡುಹಿಡಿದಳು ಎಂದು, ನಿವೃತ್ತಿಯ ದಿನವೇ, ನನ್ನನ್ನು ಕರೆದು ಕೂರಿಸಿ ಸನ್ಮಾನ ಮಾಡಿದ್ದೀರಿ. ಹುಲಿ ಕಂಡವರಿಗೆ, ಹಕ್ಕಿ ಕಂಡವರಿಗೆ ಚಪ್ಪಾಳೆ ಸಿಗುವುದು ಸಹಜ. ಕೊಳೆತ ಬೇರಿನಲ್ಲಿ ಬೂಷ್ಟು ಕಂಡವಳಿಗೂ ಚಪ್ಪಾಳೆಯೇ? ಬೆನ್ನ ಹಿಂದೆ ನನ್ನನ್ನು ‘ಬೂಷ್ಟು ಮೇಡಂ’ ಎನ್ನುವವರು ಈ ಸಭೆಯಲ್ಲೇ ಇದ್ದಾರೆ. ಅವರ ಚಪ್ಪಾಳೆಯೇ ಜೋರಾಗಿ ಕೇಳಿಸಿತು, ಸಂತೋಷ.

ನಾನು ಕಂಡದ್ದು ನೀರುಬೂಷ್ಟಿನ ಒಂದು ಜಾತಿ. ನೀರುಬೂಷ್ಟು ಎಂದರೇನು? ನೋಡುವುದಕ್ಕೆ ಶಿಲೀಂಧ್ರದಂತೆ ಎಳೆ ಎಳೆ. ಆದರೆ ಶಿಲೀಂಧ್ರವಲ್ಲ, ಕಡಲ ಪಾಚಿಯ ದೂರದ ನೆಂಟ. ಮಣ್ಣಿನಲ್ಲಿ ತೆಪ್ಪಗೆ ಇರುತ್ತದೆ. ನೀರು ನಿಂತರೆ ಸಾಕು, ಅದರ ಬೀಜಕಣಗಳು ಈಜುತ್ತಾ ಬೇರು ಹುಡುಕಿಕೊಂಡು ಹೊರಡುತ್ತವೆ. ಅದನ್ನು ಹಿಡಿಯುವುದು ಹೇಗೆ? ಗಾಳ ಹಾಕಿ. ತಟ್ಟೆಯಲ್ಲಿ ಒಂದಿಷ್ಟು ಮಣ್ಣು, ಮೇಲೆ ನೀರು, ನೀರಿನ ಮೇಲೆ ಎಲೆಯ ಚೂರು ತೇಲಿಬಿಟ್ಟು ಕಾಯುವುದು. ಎಲೆಯ ಅಂಚು ಕಂದಿದರೆ ಏನೋ ಸಿಕ್ಕಿದೆ ಎಂದು ಅರ್ಥ. ಜೀವಮಾನವೆಲ್ಲ ನಾನು ಹೀಗೆ ಕಾದೆ. ಹೊಲ, ಕೆರೆಯಂಚು, ಕಾಡು, ಎಲ್ಲಿಂದ ಮಣ್ಣು ತಂದರೂ ಸಿಕ್ಕಿದ್ದೆಲ್ಲ ಯಾರೋ ಮೊದಲೇ ಹೆಸರಿಟ್ಟದ್ದು.

ಇದು ಮಾತ್ರ ಯಾವುದಕ್ಕೂ ಹೊಂದಲಿಲ್ಲ. ಬೀಜಕಣದ ಚೀಲದ ಆಕಾರ ಬೇರೆ, ಡಿಎನ್‌ಎ ಬೇರೆ. ಕೆಲವು ಜಾತಿಗಳು ತಮ್ಮಷ್ಟಕ್ಕೆ ತಾವೇ ಸಂಸಾರ ಬೆಳೆಸುತ್ತವೆ. ಕೆಲವಕ್ಕೆ ಜೊತೆ ಬೇಕು. ಇದಕ್ಕೂ ಬೇಕಿರಬಹುದೆಂದು ಪ್ರಯೋಗಾಲಯದಲ್ಲಿದ್ದ ಅದರ ಬಳಗವನ್ನೆಲ್ಲ ಒಂದೊಂದಾಗಿ ಅದರ ಪಕ್ಕ ಬೆಳೆಸಿ ನೋಡಿದೆ. ಯಾವುದನ್ನೂ ಮೂಸಿ ನೋಡಲಿಲ್ಲ. ನಿಮ್ಮ ಹಾಗೇ ಬಿಡಿ ಮೇಡಂ ಎಂದು ಸಹೋದ್ಯೋಗಿಯೊಬ್ಬರು ನಕ್ಕರು. ನಾನೂ ನಕ್ಕೆ. ನಗದೆ ಏನು ಮಾಡಲಿ?

ನನ್ನನ್ನು ಪರಿಚಯಿಸುವಾಗ ನಿರ್ದೇಶಕರು, ಕುಂಡದ ಮಣ್ಣಿನಲ್ಲಿ ಸಿಕ್ಕಿತು ಎಂದರು. ಯಾರ ಕುಂಡ ಎಂದು ಯಾರೂ ಕೇಳಲಿಲ್ಲ. ನಮ್ಮ ಮನೆಯ ಕಿಟಕಿಯ ಕುಂಡ, ಅಕ್ಕನದು. ಮನೆಯಲ್ಲಿ ನಾವಿಬ್ಬರೇ. ಬೆಳಗಿನ ನೀರು ನನ್ನದು, ಸಂಜೆಯದು ಅವಳದು. ಅವಳು ಸುಮ್ಮನೆ ಸುರಿಯುತ್ತಿರಲಿಲ್ಲ. ಬೆರಳಿನಿಂದ ಮಣ್ಣು ಮುಟ್ಟಿ, “ಹಸಿ ಇದೆ ಕಣೇ, ಇವತ್ತು ಬೇಡ” ಎಂದು ಅಡುಗೆಮನೆಯಲ್ಲಿದ್ದ ನನಗೆ ಕೇಳುವ ಹಾಗೆ ಹೇಳುತ್ತಿದ್ದಳು. ಹೆಚ್ಚಿನ ಸಂಜೆ ಅವಳ ನೀರೆಂದರೆ ಆ ಮಾತು ಅಷ್ಟೇ.

ಅವಳು ತೀರಿಕೊಂಡ ಮೇಲೆ ಎರಡೂ ಹೊತ್ತು ನಾನೇ ನೀರು ಹಾಕಿದೆ. ಸಂಜೆ ಮನೆಗೆ ಬಂದರೆ ಬೇರೇನೂ ತೋಚುತ್ತಿರಲಿಲ್ಲ, ಚೊಂಬು ಹಿಡಿದು ಕಿಟಕಿಗೆ ಹೋಗುತ್ತಿದ್ದೆ. ನೀರು ನಿಂತರೆ ಬೇರು ಕೊಳೆಯುತ್ತದೆ ಎಂದು ಊರಿಗೆಲ್ಲ ಪಾಠ ಹೇಳಿದವಳು ನಾನು. ಗಿಡ ಬಾಡಿತು. ಬಾಡಿತೆಂದು ಇನ್ನಷ್ಟು ಹಾಕಿದೆ. ಕೊನೆಗೆ ಕಿತ್ತು ನೋಡಿದರೆ ಬೇರುಗಳೆಲ್ಲ ಕಂದು ಲೋಳೆ. ಅವಳ ಬೆರಳಾಡಿದ ಮಣ್ಣನ್ನು ಎಸೆಯಲು ಮನಸ್ಸು ಬರಲಿಲ್ಲ. ಪ್ರಯೋಗಾಲಯಕ್ಕೆ ತಂದು ಗಾಳ ಹಾಕಿದೆ. ಎಲೆಯ ಅಂಚು ಕಂದಿತು. ನೀವು ಚಪ್ಪಾಳೆ ತಟ್ಟಿದ್ದು ಇದಕ್ಕೆ. ಅಕ್ಕನ ಹೆಸರನ್ನೇ ಇಡಬಹುದಿತ್ತಲ್ಲ ಎನ್ನುತ್ತೀರಾ? ಅವಳ ಗಿಡ ಕೊಂದದ್ದಕ್ಕೆ ಅವಳ ಹೆಸರೇ?

ಕ್ಷಮಿಸಿ, ಭಾಷಣ ಎಲ್ಲಿಗೋ ಹೋಯಿತು. ನೆನಪಿಗೆಂದು ನೀವು ಹೂವಿನ ಕುಂಡ ಕೊಟ್ಟಿದ್ದೀರಿ. ಕೈಗೆ ಬಂದ ಕೂಡಲೇ ನನಗೆ ಭಯವಾಯಿತು; ದಾರಿಯಲ್ಲಿ ಯಾರಿಗಾದರೂ ಕೊಟ್ಟುಬಿಡೋಣ ಎಂದುಕೊಂಡೆ. ಇಲ್ಲ, ಮನೆಗೇ ಒಯ್ಯುತ್ತೇನೆ. ಬೆಳಗಿನ ನೀರು ನಾನು ಹಾಕುತ್ತೇನೆ. ಆದರೆ ನಾಳೆಯಿಂದ ಇಡೀ ದಿನ ಮನೆಯಲ್ಲೇ ಇರುವವಳು, ನನ್ನ ಕೈಯನ್ನು ನಾನೇ ನಂಬಲಾರೆ. ಹಾಗಾಗಿ ಒಂದು ಬೇಡಿಕೆ. ಸಂಜೆ ನಮ್ಮ ಬೀದಿಯಲ್ಲಿ ಹಾದುಹೋಗುವವರು ಒಂದು ಗಳಿಗೆ ಒಳಗೆ ಬನ್ನಿ. ನೀರು ಹಾಕಬೇಡಿ. ಮಣ್ಣು ಮುಟ್ಟಿ ನೋಡಿ, ಹಸಿ ಇದೆ, ಇವತ್ತು ಬೇಡ ಎಂದು ಅಡುಗೆಮನೆಗೆ ಕೇಳುವ ಹಾಗೆ ಹೇಳಿ. ಕಾಫಿ ಮಾಡುತ್ತಾ ನಾನು ಅಲ್ಲೇ ಇರುತ್ತೇನೆ.

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ಧನ್ಯವಾದ, ನಮಸ್ಕಾರ.